ಗೊರಕೆಯ ನಡುವಣ ಮೌನ

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕನ್ನಡ ಪಾಠ ಹೇಳಿದವನು ಗೊರಕೆಯ ವಿಷಯವಾಗಿ ಮಾತನಾಡಲು ಹೊರಟರೆ ಕೇಳುವವರಿಗೆ ನಗೆ ಬರುವುದು ಸಹಜ. ನನ್ನ ತರಗತಿಗಳಲ್ಲಿ ಹಿಂದಿನ ಬೆಂಚಿನ ಮೇಲೆ ಗೊರಕೆ ಹೊಡೆದವರೂ ಉಂಟು. ಆ ಸೇಡನ್ನು ಮೇಷ್ಟರು ಇಂದು ಆಕಾಶವಾಣಿಯ ಮೂಲಕ ತೀರಿಸಿಕೊಳ್ಳುತ್ತಿದ್ದಾರೆಂದು ಅವರಲ್ಲಿ ಯಾರಾದರೂ ಭಾವಿಸಿದರೆ ತಪ್ಪಿಲ್ಲ. ನಾನೂ ಈ ವಿಷಯದಲ್ಲಿ ಬಹುಕಾಲ ನಕ್ಕವನೇ. ಆ ನಗೆಯಿಂದಲೇ ಆರಂಭಿಸುತ್ತೇನೆ.

1970ನೆಯ ಇಸವಿಯ ಬೇಸಗೆ. ನನಗಾಗ ಹನ್ನೆರಡು ವರ್ಷ. ಬಂಧುಗಳ ಮನೆಯ ಮದುವೆ. ಛತ್ರದ ಹಜಾರದಲ್ಲಿ ಜಮಖಾನೆ ಹಾಸಿ ಗಂಡಸರೂ ಮಕ್ಕಳೂ ಸಾಲಾಗಿ ಮಲಗಿದ್ದೆವು. ನಡುವೆ ನಮ್ಮ ದೊಡ್ಡಪ್ಪ. ಭಾರೀ ಆಳು, ಕುತ್ತಿಗೆಯೆಂಬುದು ಎಲ್ಲಿ ಮುಗಿದು ಗಲ್ಲ ಎಲ್ಲಿ ಮೊದಲಾಗುತ್ತದೆಂದು ಹೇಳುವುದು ಕಷ್ಟ. ಅವರ ಗೊರಕೆ ಇಡೀ ವಂಶದಲ್ಲಿ ಪ್ರಸಿದ್ಧವಾಗಿತ್ತು. ಮಕ್ಕಳಾದ ನಮಗೆ ಅದೊಂದು ಆಟ. ಗೊರಕೆ ಏರುತ್ತ ಏರುತ್ತ ಹೋಗಿ ಥಟ್ಟನೆ ನಿಂತುಬಿಡುತ್ತಿತ್ತು. ಒಡನೆಯೇ ನಾವು ಬಾಯಿಗೆ ಕೈ ಅಡ್ಡ ಹಿಡಿದು ಎಣಿಸತೊಡಗುತ್ತಿದ್ದೆವು: ಒಂದು, ಎರಡು, ಮೂರು... ಇಪ್ಪತ್ತಕ್ಕೆ ಬರುತ್ತದೆಂದು ಒಬ್ಬ, ಮೂವತ್ತಕ್ಕೆಂದು ಇನ್ನೊಬ್ಬ, ಹುಣಿಸೆಬೀಜದ ಪಣ ಕಟ್ಟುತ್ತಿದ್ದೆವು. ಕೊನೆಗೆ ಭಯಂಕರವಾದ ಒಂದು ಉಸಿರಿನೊಡನೆ ದೊಡ್ಡಪ್ಪನ ಮೈಯೆಲ್ಲ ಅದುರಿ ಗೊರಕೆ ಮತ್ತೆ ಆರಂಭವಾಗುತ್ತಿತ್ತು. ಗೆದ್ದವನು ಕತ್ತಲಲ್ಲಿಯೇ ಬೀಜ ಎಣಿಸಿಕೊಳ್ಳುತ್ತಿದ್ದ.

ನಾವು ಎಣಿಸುತ್ತಿದ್ದುದನ್ನೇ ಇಂದು ವೈದ್ಯರು ಯಂತ್ರಗಳ ನೆರವಿನಿಂದ ಎಣಿಸುತ್ತಾರೆ. ಉಸಿರು 10 ಸೆಕೆಂಡಿಗೆ ಕಡಿಮೆಯಿಲ್ಲದಂತೆ ನಿಂತರೆ ಅದಕ್ಕೊಂದು ಲೆಕ್ಕ. ಇಂಥವೂ, ಉಸಿರು ಅರೆಬರೆ ಕಟ್ಟಿದಂಥವೂ ಸೇರಿ ಗಂಟೆಗೆ 5ಕ್ಕಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ. 30 ದಾಟಿದರೆ ಕಾಯಿಲೆ ತೀವ್ರವೆಂದು ತಿಳಿಯಬೇಕು. ಇದಕ್ಕೆ ಗ್ರೀಕ್ ಮೂಲದ ಹೆಸರು ಅಪ್ನೀಯಾ, ಉಸಿರಿಲ್ಲದಿರುವಿಕೆ.

ಕನ್ನಡದಲ್ಲಿ ಸದ್ದಿಗೆ ಗೊರಕೆಯೆಂಬ ಸೊಗಸಾದ ಶಬ್ದವಿದೆ. ಹೇಳುವಾಗಲೇ ಗಂಟಲು ಗುರುಗುಟ್ಟುತ್ತದೆ. ಆದರೆ ಎರಡು ಗೊರಕೆಗಳ ನಡುವಣ ಮೌನಕ್ಕೆ ನಮ್ಮಲ್ಲಿ ಮಾತಿಲ್ಲ. ಸಂಸ್ಕೃತದಲ್ಲಿ ಇದ್ದಂತೆ ತೋರುತ್ತದೆ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ, ಹದಿನೈದನೆಯ ಅಧ್ಯಾಯದಲ್ಲಿ, ಅತಿಸ್ಥೂಲನಾದವನಿಗೆ ಬರುವ ತೊಂದರೆಗಳನ್ನು ಹೇಳುವಾಗ ಕ್ಷುದ್ರಶ್ವಾಸ, ಹಸಿವು, ಬಾಯಾರಿಕೆ, ನಿದ್ರೆ, ಬೆವರು ಇವುಗಳ ಜೊತೆಗೆ ‘ಕ್ರಥನ’ ಎಂಬ ಮಾತು ಬರುತ್ತದೆ. ಗೊರಕೆ ಎಂದು ಅದನ್ನು ಅನುವಾದಿಸಿದವರುಂಟು. ಉಸಿರು ಅಕಸ್ಮಾತ್ತಾಗಿ ಕಟ್ಟಿಕೊಳ್ಳುವುದು ಎಂದು ಅರ್ಥ ಹೇಳಿದವರೂ ಉಂಟು. ಹಲವು ವರ್ಷ ಹಳಗನ್ನಡದ ಕಠಿಣ ಪದಗಳೊಡನೆ ಗುದ್ದಾಡಿದ ನನಗೆ ಎರಡನೆಯ ಅರ್ಥವೇ ಹಿಡಿಸುತ್ತದೆ. ಕೊಬ್ಬು, ಕಿರಿಯುಸಿರು, ಅತಿನಿದ್ರೆ, ಉಸಿರಿನ ತಡೆ ಇವು ನಾಲ್ಕೂ ಒಂದೇ ಮನೆಯವೆಂದು ಆ ಪ್ರಾಚೀನ ವೈದ್ಯ ಕಂಡಿದ್ದನೆಂಬುದು ಸಣ್ಣ ಸಂಗತಿಯಲ್ಲ.

ಇನ್ನೊಬ್ಬ ಕಂಡವನು ವೈದ್ಯನಲ್ಲ, ಕಾದಂಬರಿಕಾರ. ಚಾರ್ಲ್ಸ್ ಡಿಕನ್ಸನು 1836-37ರಲ್ಲಿ ಬಿಡಿ ಕಂತುಗಳಾಗಿ ಪ್ರಕಟಿಸಿದ ‘ಪಿಕ್‌ವಿಕ್ ಪೇಪರ್ಸ್’ ಕೃತಿಯಲ್ಲಿ ಜೋ ಎಂಬ ದಪ್ಪ ಹುಡುಗ ಬರುತ್ತಾನೆ. ತಿನ್ನುವುದು, ಮಿಕ್ಕ ಹೊತ್ತೆಲ್ಲ ನಿದ್ದೆ; ಕೆಲಸದ ನಡುವೆ ನಿಂತಲ್ಲೇ ನಿದ್ದೆ. ನೂರಿಪ್ಪತ್ತು ವರ್ಷ ಕಳೆದ ಮೇಲೆ, 1956ರಲ್ಲಿ, ಅಮೆರಿಕದ ಬರ್ವೆಲ್ ಮತ್ತು ಅವರ ಸಂಗಡಿಗರು ಒಬ್ಬ ರೋಗಿಯ ವೃತ್ತಾಂತವನ್ನು ಪ್ರಕಟಿಸಿದರು. ಐವತ್ತೊಂದು ವರ್ಷದ ವ್ಯವಹಾರಸ್ಥ, ಅತಿ ಸ್ಥೂಲ. ಇಸ್ಪೀಟಾಟದಲ್ಲಿ ಒಂದು ರಾತ್ರಿ ಅವನ ಕೈಗೆ ಮೂರು ಎಕ್ಕ, ಎರಡು ರಾಜ ಬಂದವು. ಅಂಥ ಎಲೆಗಳನ್ನು ಹಿಡಿದುಕೊಂಡೇ ಅವನು ನಿದ್ದೆಹೋಗಿ ಆಟ ಕಳೆದುಕೊಂಡ! ಕೆಲವು ದಿನಗಳಲ್ಲಿ ಬಾಸ್ಟನ್ನಿನ ಆಸ್ಪತ್ರೆ ಸೇರಿದ. ಅವನ ರೋಗಕ್ಕೆ ವೈದ್ಯರು ‘ಪಿಕ್‌ವಿಕಿಯನ್’ ಎಂಬ ಹೆಸರು ಕೊಟ್ಟರು. ಸಾಹಿತ್ಯದ ವಿದ್ಯಾರ್ಥಿಯಾಗಿ ಇಲ್ಲಿ ನನ್ನದೊಂದು ತಕರಾರು: ಪಿಕ್‌ವಿಕ್ ಮಹಾಶಯನು ದಪ್ಪನೆಯವನಾದರೂ ಚಟುವಟಿಕೆಯ ಮನುಷ್ಯ. ನಿದ್ದೆಯ ಹುಡುಗ ಅವನ ಸಂಘದವನೂ ಅಲ್ಲ, ವಾರ್ಡಲ್ ಎಂಬವನ ಮನೆಯ ಆಳು. ಆಳಿನ ರೋಗಕ್ಕೆ ಯಜಮಾನವರ್ಗದವನ ಹೆಸರು ಅಂಟಿತು.

ಹೆಸರು ಹೇಗೇ ಇರಲಿ, ಕೊಬ್ಬಿನ ಭಾರದಿಂದ ಎದೆ ಸರಿಯಾಗಿ ಏಳದೆ ರಕ್ತದಲ್ಲಿ ಇಂಗಾಲಾಮ್ಲ ತುಂಬಿ ಮಂಪರು ಕವಿಯುತ್ತದೆಂದು ಆಗ ತಿಳಿದಿದ್ದರು. ಅಂಥ ಕಾಯಿಲೆ ನಿಜವಾಗಿಯೂ ಉಂಟು. ಹಗಲಿನಲ್ಲಿಯೂ ಅವರ ಉಸಿರು ಸಾಲದು. ಆದರೆ ಆ ರೋಗಿಗಳು ಮಲಗಿದಾಗ ಏನಾಗುತ್ತದೆಂದು ಪಕ್ಕದಲ್ಲಿ ಕುಳಿತು ನೋಡುವ ಕೆಲಸ ನಡೆದದ್ದು 1965ರಲ್ಲಿ, ಫ್ರಾನ್ಸಿನ ಮಾರ್ಸೇಯಲ್ಲಿಯೂ ಜರ್ಮನಿಯ ಫ್ರೈಬುರ್ಗಿನಲ್ಲಿಯೂ. ರಾತ್ರಿಯಿಡೀ ನೂರಾರು ಬಾರಿ ಉಸಿರು ನಿಲ್ಲುತ್ತಿದ್ದುದನ್ನು ಆಗ ಕಂಡರು. ಹಗಲಿನ ನಿದ್ದೆಗೆ ಕಾರಣ, ರಾತ್ರಿ ಅವರು ನಿಜವಾಗಿ ನಿದ್ರಿಸದೆ ಇದ್ದದ್ದು.

ಉಸಿರು ನಿಂತಾಗ ಹೃದಯದ ಗತಿಯೇನು? ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನು. ಅದಕ್ಕೆ ಹೃದಯವನ್ನು ಆಳುವ ನರಗಳ ಪರಿಚಯ ತುಸು ಬೇಕು.

ಹೃದಯಕ್ಕೆ ತನ್ನದೇ ಆದ ಲಯವಿದೆ. ನರಗಳ ಸಂಬಂಧ ಕಡಿದರೂ ಅದು ಮಿಡಿಯುತ್ತಲೇ ಇರುತ್ತದೆ. ಹಾಗೆ ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ನೂರರ ಆಸುಪಾಸಿನಲ್ಲಿ ಓಡುವುದು. ಸುಮ್ಮನೆ ಕುಳಿತಾಗ ನಮ್ಮ ನಾಡಿ ಎಪ್ಪತ್ತರ ಸುಮಾರಿಗೆ ನಿಲ್ಲುವುದು ವೇಗಸ್ ಎಂಬ ನರ ಅದನ್ನು ಹಿಡಿದು ನಿಲ್ಲಿಸಿರುವುದರಿಂದ. ತಲೆಯಿಂದ ಹೊರಟು ಗಂಟಲು, ಎದೆ, ಹೊಟ್ಟೆಗಳಲ್ಲೆಲ್ಲ ಅಲೆಯುವ ನರ ಅದು. ಲ್ಯಾಟಿನ್ನಿನಲ್ಲಿ ಆ ಮಾತಿಗೆ ಅಲೆಮಾರಿ ಎಂದೇ ಅರ್ಥ. ಕನ್ನಡದ ಕಿವಿಗೆ ವೇಗಸ್ ಎಂದರೆ ವೇಗ ನೆನಪಾಗುತ್ತದೆ. ಅದು ಮಾಡುವ ಕೆಲಸವೋ ವೇಗವನ್ನು ತಗ್ಗಿಸುವುದು! ಇದಕ್ಕೆ ಎದುರಾಳಿ ಸಿಂಪಥೆಟಿಕ್ ನರಗಳು. ಪಠ್ಯಪುಸ್ತಕಗಳಲ್ಲಿ ಇವನ್ನು ಅನುವೇದನೆಯ ನರಗಳೆಂದು ಕರೆದದ್ದುಂಟು. ಆದರೆ ಸಹಾನುಭೂತಿಗೂ ಇವಕ್ಕೂ ದೂರ. ಹುಲಿ ಎದುರಾದಾಗ ಎದೆಯನ್ನು ಡವಗುಟ್ಟಿಸಿ, ರಕ್ತನಾಳಗಳನ್ನು ಬಿಗಿದು, ಒತ್ತಡ ಏರಿಸುವವು ಇವು. ಹಿಂದಿನ ಜಟಕಾಗಾಡಿ ನೆನಪಿದ್ದವರಿಗೆ ಹೇಳುವುದಾದರೆ, ವೇಗಸ್ ಲಗಾಮು, ಸಿಂಪಥೆಟಿಕ್ ಚಾವಟಿ.

ಲಗಾಮು ಹೇಗೆ ಕೆಲಸ ಮಾಡುತ್ತದೆಂಬುದು ತಿಳಿದ ಕತೆ ಸ್ವಾರಸ್ಯವಾಗಿದೆ. ಆಸ್ಟ್ರಿಯದ ಗ್ರಾಟ್ಸ್ ನಗರದಲ್ಲಿದ್ದ ಆಟೋ ಲೋವಿ ಎಂಬ ವಿಜ್ಞಾನಿಗೆ ಒಂದು ರಾತ್ರಿ ಕನಸಿನಲ್ಲಿ ಪ್ರಯೋಗವೊಂದು ಹೊಳೆಯಿತು. ಎದ್ದು ಗೀಚಿಟ್ಟುಕೊಂಡ, ಬೆಳಿಗ್ಗೆ ತನ್ನ ಅಕ್ಷರ ತನಗೇ ತಿಳಿಯಲಿಲ್ಲ. ಮಾರನೆಯ ರಾತ್ರಿ ಅದೇ ಕನಸು ಮತ್ತೆ ಬಿತ್ತು. ಈ ಸಲ ನೇರವಾಗಿ ಪ್ರಯೋಗಶಾಲೆಗೆ ನಡೆದ. ಒಂದು ಕಪ್ಪೆಯ ಹೃದಯದ ವೇಗಸ್ ನರವನ್ನು ಕೆರಳಿಸಿ ಆ ಹೃದಯ ನಿಧಾನವಾದ ಮೇಲೆ ಅದರೊಳಗಿನ ದ್ರವವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದ. ಅದೂ ನಿಧಾನವಾಯಿತು! ನರ ತನ್ನ ಆಜ್ಞೆಯನ್ನು ಒಂದು ರಸದ ಮೂಲಕ ಕಳಿಸುತ್ತದೆಂಬ ಈ ಶೋಧ 1921ರಲ್ಲಿ ಪ್ರಕಟವಾಯಿತು. 1936ರಲ್ಲಿ ಹೆನ್ರಿ ಡೇಲ್ ಅವರೊಡನೆ ಲೋವಿಗೆ ನೊಬೆಲ್ ಪಾರಿತೋಷಿಕ ಬಂದಿತು. ನಿದ್ದೆಯಲ್ಲಿ ಹೃದಯವನ್ನು ಕಾಯುವ ನರದ ಗುಟ್ಟು ಒಬ್ಬನ ನಿದ್ದೆಯಿಂದಲೇ ಹೊರಬಿದ್ದಿತು.

ಈಗ ನೀವು ಮಣಿಕಟ್ಟಿನ ಮೇಲೆ ಬೆರಳಿಟ್ಟು ನಿಧಾನವಾಗಿ ಉಸಿರಾಡಿ ನೋಡಿ. ಉಸಿರನ್ನು ಒಳಗೆ ಎಳೆದುಕೊಳ್ಳುವಾಗ ನಾಡಿ ತುಸು ಚುರುಕಾಗುತ್ತದೆ, ಹೊರಗೆ ಬಿಡುವಾಗ ತುಸು ನಿಧಾನವಾಗುತ್ತದೆ. ಚಿಕ್ಕವರಲ್ಲಿ ಸ್ಪಷ್ಟವಾಗಿ ತಿಳಿಯುತ್ತದೆ. ನನ್ನ ವಯಸ್ಸಿನವರು ನಿಧಾನವಾಗಿ ಹುಡುಕಬೇಕು. ಜರ್ಮನಿಯ ಕಾರ್ಲ್ ಲುಡ್ವಿಗ್ 1847ರಲ್ಲಿಯೇ ಇದನ್ನು ದಾಖಲೆ ಮಾಡಿದ್ದ. ಒಳ್ಳೆಯ ಹೃದಯ ಗಡಿಯಾರದಂತೆ ಒಂದೇ ಸಮನೆ ಬಡಿಯುವುದಿಲ್ಲ. ಮೃದಂಗದವರು ಹಾಡುಗಾರನ ಉಸಿರು ನೋಡಿಕೊಂಡು ನುಡಿಸುವಂತೆ ಅದು ಉಸಿರನ್ನು ಅನುಸರಿಸುತ್ತದೆ. ನಿದ್ದೆ ಬಂದಾಗ ಚಾವಟಿ ಕೆಳಗಿಳಿದು ಲಗಾಮು ಹಗುರವಾಗಿ ಕೈಯಲ್ಲಿರುತ್ತದೆ. ರಕ್ತದ ಒತ್ತಡ ನೂರಕ್ಕೆ 10ರಿಂದ 20ರಷ್ಟು ಇಳಿಯುತ್ತದೆ. ದಿನಕ್ಕೊಮ್ಮೆ ಹೃದಯಕ್ಕೆ ಸಿಗುವ ವಿಶ್ರಾಂತಿ ಇದೊಂದೇ.

ಸ್ಥೂಲಕಾಯದವನಿಗೆ ಇದು ಸಿಗುವುದಿಲ್ಲ. ಅವನ ಕುತ್ತಿಗೆಯ ಸುತ್ತಲೂ ನಾಲಗೆಯ ಬುಡದಲ್ಲಿಯೂ ಕೊಬ್ಬು ಸೇರಿರುತ್ತದೆ. ಎಚ್ಚರವಾಗಿರುವಾಗ ಗಂಟಲಿನ ಸ್ನಾಯುಗಳು ದಾರಿಯನ್ನು ತೆರೆದಿಟ್ಟಿರುತ್ತವೆ. ನಿದ್ದೆಯಲ್ಲಿ ಅವು ಸಡಿಲವಾದೊಡನೆ ದಾರಿ ಕಿರಿದಾಗಿ ಗೊರಕೆ ಹುಟ್ಟುತ್ತದೆ. ಪೂರ್ತಿ ಮುಚ್ಚಿದಾಗ ಮೌನ. ಆದರೆ ಎದೆ ಸುಮ್ಮನಿರುವುದಿಲ್ಲ. ಮುಚ್ಚಿದ ಗಂಟಲಿನ ವಿರುದ್ಧ ಅದು ಉಸಿರನ್ನು ಜಗ್ಗುತ್ತಲೇ ಇರುತ್ತದೆ. ಆ ಸೆಳೆತ ಹೃದಯದ ಗೋಡೆಗಳನ್ನೂ ಎಳೆಯುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಕುತ್ತಿಗೆಯ ಎರಡೂ ಪಕ್ಕಗಳಲ್ಲಿ, ತಲೆಗೆ ಹೋಗುವ ದೊಡ್ಡ ರಕ್ತನಾಳ ಕವಲೊಡೆಯುವಲ್ಲಿ, ಅಕ್ಕಿಕಾಳಿನಷ್ಟು ಚಿಕ್ಕ ಅಂಗವೊಂದು ರಕ್ತದ ರುಚಿ ನೋಡುತ್ತ ಕುಳಿತಿದೆ. ಅದರ ಕೆಲಸವನ್ನು ತಿಳಿಸಿಕೊಟ್ಟದ್ದಕ್ಕಾಗಿ ಬೆಲ್ಜಿಯಮ್ಮಿನ ಕಾರ್ನೈ ಹೇಮನ್ಸ್ ಅವರಿಗೆ 1938ರ ನೊಬೆಲ್ ಪಾರಿತೋಷಿಕ ದೊರೆಯಿತು. ಆಮ್ಲಜನಕ ಇಳಿದೊಡನೆ ಈ ಕಾವಲುಗಾರ ಬೊಬ್ಬೆ ಹಾಕುತ್ತಾನೆ.

ಆ ಬೊಬ್ಬೆಗೆ ನರಗಳು ಕೊಡುವ ಉತ್ತರ ವಿಚಿತ್ರವಾದುದು. ಎದೆಯೊಳಕ್ಕೆ ಗಾಳಿ ಬರದಿರುವಾಗ ವೇಗಸ್ ಹೃದಯವನ್ನು ನಿಧಾನಗೊಳಿಸುತ್ತದೆ. ನೀರಿನಲ್ಲಿ ಮುಳುಗಿದ ಸೀಲ್ ಪ್ರಾಣಿಯಲ್ಲಿಯೂ ಹೀಗೆಯೇ, ಇದ್ದಷ್ಟು ಪ್ರಾಣವಾಯುವಿನಲ್ಲಿ ಕಾಲಕಳೆಯುವ ಉಪಾಯವದು. ಅದೇ ಹೊತ್ತಿಗೆ ಸಿಂಪಥೆಟಿಕ್ ನರಗಳೂ ಕೆರಳಿ ಮೈಯ ರಕ್ತನಾಳಗಳನ್ನು ಹಿಂಡುತ್ತವೆ. ಲಗಾಮನ್ನು ಬಿಗಿಯಾಗಿ ಜಗ್ಗಿ ಹಿಡಿದುಕೊಂಡು ಚಾವಟಿಯಿಂದಲೂ ಬಾರಿಸಿದರೆ ಕುದುರೆ ಏನು ಮಾಡಬೇಕು? ಕೆಲವರಲ್ಲಿ ಹೃದಯ ಕೆಲವು ಸೆಕೆಂಡು ನಿಂತೇಬಿಡುವುದುಂಟು. ಕೊನೆಗೆ ಮಿದುಳು ಅರೆಕ್ಷಣ ಎಚ್ಚರಗೊಳ್ಳುತ್ತದೆ, ಗಂಟಲು ತೆರೆಯುತ್ತದೆ, ಉಸಿರು ನುಗ್ಗುತ್ತದೆ. ಆಗ ಲಗಾಮು ಕೈಬಿಟ್ಟು ಬರಿಯ ಚಾವಟಿ ಉಳಿಯುತ್ತದೆ. ಬಿಗಿದ ನಾಳಗಳ ಎದುರಿಗೆ ಹೃದಯ ನಾಗಾಲೋಟದಲ್ಲಿ ಓಡಿ, ರಕ್ತದ ಒತ್ತಡ ಅತಿ ಎತ್ತರಕ್ಕೆ ಏರುವುದು ಆ ಕ್ಷಣದಲ್ಲಿ. ಮಲಗಿದವನಿಗೆ ಇದೊಂದೂ ತಿಳಿಯದು. ಮತ್ತೆ ನಿದ್ದೆ, ಮತ್ತೆ ಗೊರಕೆ, ಮತ್ತೆ ಮೌನ.

ಇದನ್ನು ನಾನು ಕೇವಲ ಓದಿ ಹೇಳುತ್ತಿಲ್ಲ. ನಿವೃತ್ತನಾದ ಮೇಲೆ ನನ್ನ ಮೈಯೂ ದೊಡ್ಡಪ್ಪನ ಹಾದಿ ಹಿಡಿಯಿತು. ಒಬ್ಬ ವೈದ್ಯರ ಬಳಿ ರಕ್ತದೊತ್ತಡಕ್ಕೆಂದು ಹೋಗಿದ್ದೆ. ಮಾತ್ರೆ ಮೂರಾದರೂ ಅದು ಇಳಿಯುತ್ತಿರಲಿಲ್ಲ. ಅವರು ನನ್ನನ್ನು ಬಿಟ್ಟು ನನ್ನ ಪತ್ನಿಯ ಕಡೆ ತಿರುಗಿ, “ಅಮ್ಮಾ, ರಾತ್ರಿ ಇವರ ಉಸಿರು ನಿಲ್ಲುತ್ತದೆಯೇ?” ಎಂದು ಕೇಳಿದರು. ಆಕೆಯ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಎಷ್ಟೋ ವರ್ಷಗಳಿಂದ ಕತ್ತಲಲ್ಲಿ ಒಬ್ಬಳೇ ಕೇಳಿಸಿಕೊಂಡದ್ದನ್ನು ಹೇಳಲು ಆಕೆಗೆ ಅದೇ ಮೊದಲ ಅವಕಾಶ. ನಾನು ಮಾತ್ರ ‘ನಿನಗೆ ಭ್ರಮೆ’ ಎನ್ನುತ್ತಿದ್ದೆ. ಮೈತುಂಬ ತಂತಿ ಅಂಟಿಸಿಕೊಂಡು ಒಂದು ರಾತ್ರಿ ಮಲಗಿದೆ. ಗಂಟೆಗೆ 34 ಸಲವೆಂದು ಲೆಕ್ಕ ಬಂದಿತು. ಏಳು ಗಂಟೆ ನಿದ್ದೆಗೆ ಸುಮಾರು 240. ನಾಡಿಯ ನಕ್ಷೆಯನ್ನು ವೈದ್ಯರು ತೋರಿಸಿದರು. ನಿಧಾನ, ಓಟ, ನಿಧಾನ, ಓಟ, ರಾತ್ರಿಯ ಉದ್ದಕ್ಕೂ ಅಲೆಗಳು. ಇಂಥ ಅಲೆಗಳನ್ನು ನೋಡಿಯೇ ರೋಗವನ್ನು ಶಂಕಿಸಬಹುದೆಂದು ಗಿಯೆಮಿನೋ ಮತ್ತು ಅವರ ಸಂಗಡಿಗರು 1984ರಲ್ಲಿಯೇ ಬರೆದಿದ್ದರಂತೆ.

ರಾತ್ರಿ ನಡೆದದ್ದು ರಾತ್ರಿಗೇ ಮುಗಿಯುವಂತಿದ್ದರೆ ಇಷ್ಟು ಚಿಂತೆಯಿಲ್ಲ. 1995ರಲ್ಲಿ ಅಮೆರಿಕದ ಐಯೋವಾದಲ್ಲಿ ಸಾಮರ್ಸ್ ಮತ್ತು ಸಂಗಡಿಗರು ಇಂಥ ರೋಗಿಗಳ ಕಾಲಿನ ನರದೊಳಗೆ ಕೂದಲಿನಷ್ಟು ತೆಳುವಾದ ಸೂಜಿಯಿಟ್ಟು ಸಿಂಪಥೆಟಿಕ್ ನರದ ಮಿಂಚನ್ನು ನೇರವಾಗಿ ದಾಖಲೆ ಮಾಡಿದರು. ಉಸಿರು ನಿಂತಾಗ ಅದು ಹೆಚ್ಚುತ್ತಿತ್ತು, ಅದು ನಿರೀಕ್ಷಿತವೇ. ಆದರೆ ಹಗಲಿನಲ್ಲಿ, ರೋಗಿ ಎಚ್ಚರವಾಗಿದ್ದು ಸರಾಗವಾಗಿ ಉಸಿರಾಡುತ್ತಿರುವಾಗಲೂ ಅದು ತಣ್ಣಗಾಗಿರಲಿಲ್ಲ! ಇರುಳೆಲ್ಲ ಹೊಡೆಸಿಕೊಂಡ ಕುದುರೆ ಬೆಳಗಾದ ಮೇಲೂ ಬೆದರುತ್ತಲೇ ಇರುತ್ತದಷ್ಟೆ. ಇದರ ಮೇಲೆ ಕೊಬ್ಬು ತಾನೇ ಒಂದು ಚಾವಟಿ: ಅದು ಸ್ರವಿಸುವ ಲೆಪ್ಟಿನ್ ಎಂಬ ರಸವೂ, 1994ರಲ್ಲಿ ಕಂಡುಹಿಡಿದದ್ದು, ಇದೇ ನರಗಳನ್ನು ಕೆರಳಿಸುತ್ತದೆ. ಹೀಗೆ ಒತ್ತಡ ಮಾತ್ರೆಗೆ ಬಗ್ಗದೆ ನಿಲ್ಲುತ್ತದೆ. ಉಸಿರಿನೊಡನೆ ನಾಡಿ ಏರಿಳಿಯುವ ಆ ಸೂಕ್ಷ್ಮ ಲಯ ಮಂಕಾಗುತ್ತದೆ. ಕೆಲವರಲ್ಲಿ ಹೃದಯದ ಮೇಲಿನ ಕೋಣೆಗಳು ತಾಳತಪ್ಪಿ ನಡುಗತೊಡಗುತ್ತವೆ.

ಇನ್ನೊಂದು ಲೆಕ್ಕವನ್ನು ಹೇಳದೆ ಗತಿಯಿಲ್ಲ. ಹೃದಯ ನಿಂತು ಹಠಾತ್ತನೆ ಸಾಯುವವರು ಸಾಮಾನ್ಯವಾಗಿ ಬೆಳಿಗ್ಗೆ ಎದ್ದ ಮೇಲಿನ ಗಂಟೆಗಳಲ್ಲಿ ಹೆಚ್ಚು. 2005ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನವರು, ಹಿಂದೆ ನಿದ್ದೆಯ ಪರೀಕ್ಷೆ ಮಾಡಿಸಿಕೊಂಡಿದ್ದು ಆಮೇಲೆ ಹೀಗೆ ಹಠಾತ್ತನೆ ಸತ್ತ 112 ಜನರ ಸಾವಿನ ವೇಳೆಯನ್ನು ನೋಡಿದರು. ಉಸಿರು ನಿಲ್ಲುವ ರೋಗವಿದ್ದವರಲ್ಲಿ ನೂರಕ್ಕೆ 46 ಮಂದಿ ನಡುರಾತ್ರಿಗೂ ಬೆಳಗಿನ ಆರು ಗಂಟೆಗೂ ನಡುವೆ ಸತ್ತಿದ್ದರು. ರೋಗವಿಲ್ಲದವರಲ್ಲಿ ನೂರಕ್ಕೆ 21.

ಪರಿಹಾರದ ಮಾತು ಚಿಕ್ಕದು. ಮೊದಮೊದಲು, 1969ರ ಹೊತ್ತಿಗೆ, ಕುತ್ತಿಗೆಯಲ್ಲಿ ರಂಧ್ರ ಕೊರೆದು ಗಂಟಲನ್ನೇ ಬಳಸಿ ಉಸಿರಾಡಿಸುತ್ತಿದ್ದರು. ಆಮೇಲೆ ಸಿಡ್ನಿಯ ಕಾಲಿನ್ ಸಲಿವನ್, ಮೂಗಿಗೆ ಮುಖವಾಡ ತೊಡಿಸಿ ಯಂತ್ರದಿಂದ ಗಾಳಿ ಊದಿದರೆ ಆ ಒತ್ತಡವೇ ಗಂಟಲಿಗೆ ಒಳಗಿನಿಂದ ಆಸರೆಗೋಲಾಗುತ್ತದೆಂದು ತೋರಿಸಿದರು. ಅದು ಪ್ರಕಟವಾದದ್ದು 1981ರಲ್ಲಿ. ಔಷಧಿಯೇನೂ ಇಲ್ಲ, ಬರಿಯ ಗಾಳಿ! ಅದನ್ನು ಹಾಕಿಕೊಂಡಾಗ ನಿದ್ದೆಯಲ್ಲಿ ಸಿಂಪಥೆಟಿಕ್ ನರದ ಅಬ್ಬರ ಇಳಿಯುವುದನ್ನು ಐಯೋವಾದವರು ಕಂಡರು. ಆದರೂ ಮುಖವಾಡ ಸಂಜೀವಿನಿಯೆಂದು ನಾನು ಹೇಳಲಾರೆ. ಮೊದಲೇ ಹೃದಯದ ಅಥವಾ ಮಿದುಳಿನ ರಕ್ತನಾಳದ ಕಾಯಿಲೆಯಿದ್ದ 2,700ಕ್ಕೂ ಮೀರಿದ ರೋಗಿಗಳ ಮೇಲೆ ನಡೆದು 2016ರಲ್ಲಿ ಹೊರಬಂದ ಪರೀಕ್ಷೆಯೊಂದರಲ್ಲಿ ಅದು ಹೃದಯಾಘಾತಗಳನ್ನು ಕಡಿಮೆ ಮಾಡಿದಂತೆ ಕಾಣಲಿಲ್ಲ; ಹಗಲಿನ ಮಂಪರು ತಗ್ಗಿತು, ಅಷ್ಟೆ. ಅವರು ಅದನ್ನು ತೊಟ್ಟದ್ದು ರಾತ್ರಿಗೆ ಸರಾಸರಿ 3.3 ಗಂಟೆ ಎಂಬುದನ್ನೂ ಹೇಳಬೇಕು. ತೊಡುವ ಕಷ್ಟ ನನಗೆ ಗೊತ್ತು. ಮೊದಲ ವಾರ ಅದು ಆನೆಯ ಸೊಂಡಿಲಿನಂತೆ ಮುಖದ ಮೇಲೆ ಜೋತಾಡಿತು. ಮೈಯ ತೂಕ ನೂರಕ್ಕೆ 10ರಷ್ಟು ಇಳಿದರೆ ಉಸಿರಿನ ತಡೆ ನೂರಕ್ಕೆ 26ರಷ್ಟು ಇಳಿದೀತೆಂದು ವಿಸ್ಕಾನ್ಸಿನ್ನಿನಲ್ಲಿ ನಡೆದ ಅಧ್ಯಯನ 2000ದಲ್ಲಿ ಅಂದಾಜು ಮಾಡಿತು. ತೂಕ ಇಳಿಸುವ ಟಿರ್ಜೆಪಟೈಡ್ ಎಂಬ ಚುಚ್ಚುಮದ್ದಿಗೆ 2024ರ ಡಿಸೆಂಬರಿನಲ್ಲಿ ಅಮೆರಿಕದ ಸರ್ಕಾರ ಈ ರೋಗಕ್ಕೂ ಬಳಸಬಹುದೆಂದು ಒಪ್ಪಿಗೆ ಕೊಟ್ಟಿದೆ. ನಿವೃತ್ತಿವೇತನದವನು ಅದರ ಬೆಲೆ ಕೇಳಿದರೆ ಚುಚ್ಚುವ ಮೊದಲೇ ಎದೆ ಡವಗುಟ್ಟೀತು. ನಾನು ಸಂಜೆಯ ಊಟ ಅರ್ಧ ಮಾಡಿಕೊಂಡು, ಮಗ್ಗುಲಾಗಿ ಮಲಗಿ, ಮುಖವಾಡ ತೊಟ್ಟು ಕಾಲ ಹಾಕುತ್ತಿದ್ದೇನೆ. ಮೂರು ಮಾತ್ರೆ ಎರಡಾಗಿದೆ.

ದೊಡ್ಡಪ್ಪನ ಕತೆ ಉಳಿಯಿತು. ಅವರು 1974ರ ಮಾಗಿಯಲ್ಲಿ, ಐವತ್ತನಾಲ್ಕನೆಯ ವಯಸ್ಸಿನಲ್ಲಿ, ಬೆಳಗಿನ ಜಾವ ನಿದ್ದೆಯಲ್ಲಿಯೇ ಹೋದರು. ‘ಪುಣ್ಯವಂತ, ಒಂದು ನರಳಾಟವಿಲ್ಲದೆ ಸುಖಮರಣ’ ಎಂದು ಊರೇ ಹೇಳಿತು. ಅದು ಇದರಿಂದಲೇ ಆದದ್ದೆಂದು ಇಂದು ಯಾರೂ ಸಾಧಿಸಲಾರರು, ನಾನೂ ಸಾಧಿಸಹೊರಟಿಲ್ಲ. ಆದರೆ ಸುಖಮರಣವೆಂಬ ಮಾತು ಈಗ ನನ್ನ ಬಾಯಲ್ಲಿ ಬರುವುದಿಲ್ಲ.

ದೊಡ್ಡಮ್ಮ ಆ ವಾರ ಮಗಳ ಬಾಣಂತನಕ್ಕೆಂದು ಬೇರೆ ಊರಿಗೆ ಹೋಗಿದ್ದರು. ಮದುವೆಯಾದ ಲಾಗಾಯ್ತಿನಿಂದ ಅವರು ರಾತ್ರಿ ಕೈ ಚಾಚಿ ಗಂಡನ ತೋಳು ತಟ್ಟುತ್ತಿದ್ದರಂತೆ. ತಟ್ಟಿದರೆ ದೊಡ್ಡಪ್ಪ ಮಗ್ಗುಲಾಗುವರು, ಉಸಿರು ಬರುವುದು. “ನಾನು ತಟ್ಟಿದರೆ ಉಸಿರು ಬರುತ್ತಿತ್ತು ಕಣೋ, ನಾನಲ್ಲಿ ಇರಲಿಲ್ಲ” ಎಂದು ಅವರು 1996ರಲ್ಲಿ ತೀರಿಕೊಳ್ಳುವವರೆಗೂ ಹೇಳಿದರು. “ಅವರ ಆಯಸ್ಸು ಅಷ್ಟೇ ಇತ್ತು, ದೊಡ್ಡಮ್ಮ” ಎಂದು ನಾವೆಲ್ಲ ಸಮಾಧಾನ ಹೇಳುತ್ತಿದ್ದೆವು. ಮುದುಕಿಯ ಹಳಹಳಿಕೆಯೆಂದು ಒಳಗೇ ತಿಳಿದಿದ್ದೆವು. ಅಂಗಾತ ಮಲಗಿದವರು ಮಗ್ಗುಲಾದರೆ ನಾಲಗೆಯ ಬುಡ ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆಂದು ನನ್ನ ವೈದ್ಯರು ವಿವರಿಸಿದ ದಿನ ನನಗೆ ಆಕೆಯ ಮಾತು ಅರ್ಥವಾಯಿತು. ಕೊನೆಗಾಲದಲ್ಲಿ ನಮ್ಮ ಮನೆಯಲ್ಲಿ ಕೆಲವು ತಿಂಗಳು ಇದ್ದಾಗ ಅವರು ನಡುಮನೆಯಲ್ಲಿ ಒಬ್ಬರೇ ಮಲಗುತ್ತಿದ್ದರು. ನಡುರಾತ್ರಿ ನೀರು ಕುಡಿಯಲು ಎದ್ದ ನನ್ನ ತಾಯಿ, ಅವರು ನಿದ್ದೆಗಣ್ಣಿನಲ್ಲಿಯೇ ಕೈ ಚಾಚಿ ಪಕ್ಕದ ಬರಿಯ ಚಾಪೆಯನ್ನು ತಟ್ಟುತ್ತಿದ್ದುದನ್ನು ಎಷ್ಟೋ ಸಲ ಕಂಡಿದ್ದರಂತೆ.